ಚರ್ಮ ಹೊಲಿಯುವ ಮೆಷಿನ್‌ಗೆ ನಿಧಾನ ಗೊತ್ತಿರಬೇಕು

ಚರ್ಮದ ಕೆಲಸ ಶುರು ಮಾಡಬೇಕು ಅಂತ ಆಸೆ ಇರುವವರು ಮೊದಲು ಕೇಳುವುದು ಮೋಟರ್ ಬಗ್ಗೆ. ಎಷ್ಟು ಪವರ್ ಇರಬೇಕು, 550 ವ್ಯಾಟ್ ಸಾಕಾ, 750 ಬೇಕಾ? ಉಡುಪಿಯಲ್ಲಿ ಕೂತು ಬ್ಯಾಗು, ಬೆಲ್ಟು, ಗೆಜ್ಜೆಪಟ್ಟಿ ಹೊಲಿಯುವವನು ನಾನು. ಈ ಪ್ರಶ್ನೆ ಬಂದಾಗೆಲ್ಲ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ನೀವು ಹೊಲಿಯುವುದು ಏನನ್ನು? ಅದನ್ನು ಎಷ್ಟು ನಿಧಾನವಾಗಿ ಹೊಲಿಯಬೇಕು?

ಎರಡನೆಯದಕ್ಕೆ ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ. ಅವರ ತಪ್ಪಲ್ಲ. ಮೆಷಿನ್ ಮಾರುವ ಕಡೆ ಕಿವಿಗೆ ಬೀಳುವುದೆಲ್ಲ ವೇಗದ ಲೆಕ್ಕವೇ. ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಕಾಣುವ ಜೂಕಿ ಡಿಡಿಎಲ್-8700 ನಿಮಿಷಕ್ಕೆ 5500 ಹೊಲಿಗೆಯವರೆಗೆ ಓಡುತ್ತದೆ. ಅಂಗಿ ಹೊಲಿಯುವವರಿಗೆ ಅದು ಬೇಕು. ಬಟ್ಟೆಯಲ್ಲಿ ಸೂಜಿ ಎಳೆಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತದೆ. ಹೊಲಿಗೆ ತಪ್ಪಿದರೆ ಬಿಚ್ಚಿ, ಇಸ್ತ್ರಿ ಹಾಕಿದರೆ ಗುರುತು ಕೂಡ ಉಳಿಯುವುದಿಲ್ಲ. ಚರ್ಮ ಹಾಗಲ್ಲ. ಸೂಜಿ ಒಮ್ಮೆ ಇಳಿಯಿತು ಅಂದರೆ ಆ ತೂತು ಚರ್ಮ ಇರುವವರೆಗೂ ಇರುತ್ತದೆ. ಗೆರೆ ಅರ್ಧ ಎಂಎಂ ಆಚೆ ಹೋದರೂ ಕಣ್ಣಿಗೆ ಹೊಡೆಯುತ್ತದೆ. ಬಿಚ್ಚಿ ಮತ್ತೆ ಹೊಲಿದರೆ ಎರಡು ಸಾಲು ತೂತು. ಆ ಪಟ್ಟಿಯನ್ನು ಎಳೆದು ನೋಡಿ, ಅದೇ ಗೆರೆಯಲ್ಲಿ ಹರಿಯುತ್ತದೆ.

ಹಾಗಾಗಿ ನನ್ನ ಲೆಕ್ಕದಲ್ಲಿ ಚರ್ಮದ ಮೆಷಿನ್ ಅಂದರೆ, ಪೆಡಲ್ ಮೇಲೆ ಕಾಲು ಸ್ವಲ್ಪ ಒತ್ತಿದಾಗ ಒಂದು ಹೊಲಿಗೆ ಹಾಕಿ, ಸೂಜಿ ಚರ್ಮದೊಳಗೇ ಇರುವಾಗ ನಿಲ್ಲುವ ಮೆಷಿನ್. ಮೂಲೆ ತಿರುಗಿಸಬೇಕು, ನಿಲ್ಲಿಸಿ ಗೆರೆ ನೋಡಬೇಕು, ಮುಂದೆ ಹೋಗಬೇಕು. ಉಳಿದದ್ದೆಲ್ಲ ಆಮೇಲೆ.

ಮೊದಲು ಮೆಷಿನ್ ಚರ್ಮವನ್ನು ಹೇಗೆ ಮುಂದೆ ತಳ್ಳುತ್ತದೆ ಅಂತ ನೋಡಬೇಕು. ಟೈಲರ್ ಅಂಗಡಿಯ ಮೆಷಿನ್‌ನಲ್ಲಿ ಕೆಳಗಿನ ಹಲ್ಲು ಮಾತ್ರ ತಳ್ಳುತ್ತದೆ. ಮೇಲೆ ಫುಟ್ ಸುಮ್ನೆ ಒತ್ತಿಕೊಂಡು ಕೂತಿರುತ್ತದೆ. ಎರಡು ಪದರ ಚರ್ಮ ಇಟ್ಟರೆ ಕೆಳಗಿನದು ಹಲ್ಲಿನ ಜೊತೆ ಮುಂದೆ ಹೋಗುತ್ತದೆ, ಮೇಲಿನದು ಫುಟ್‌ಗೆ ಅಂಟಿಕೊಂಡು ಹಿಂದೆ ಉಳಿಯುತ್ತದೆ. ಬ್ಯಾಗಿನ ಉದ್ದ ಹಿಡಿಕೆ ಹೊಲಿದು ಮುಗಿಸುವಾಗ ಒಂದು ತುದಿ ಇನ್ನೊಂದಕ್ಕಿಂತ ಬೆರಳಗಲ ಜಾಸ್ತಿ ಇರುತ್ತದೆ. ಕೆಳಗಿನ ಮೈಯಲ್ಲಿ ಹಲ್ಲಿನ ಕಚ್ಚು ಬೇರೆ.

ವಾಕಿಂಗ್ ಫುಟ್ ಅಂತ ನಾವು ಹೇಳುವ ಮೆಷಿನ್‌ನಲ್ಲಿ ಫುಟ್ ಎರಡು ಇರುತ್ತದೆ, ಒಳಗಿನದು ಮತ್ತು ಹೊರಗಿನದು. ಸೂಜಿ ಚರ್ಮದೊಳಗೆ ಇಳಿದ ಮೇಲೆ ಸೂಜಿ, ಒಳ ಫುಟ್, ಕೆಳಗಿನ ಹಲ್ಲು ಮೂರೂ ಒಟ್ಟಿಗೆ ಮುಂದಕ್ಕೆ ನಡೆಯುತ್ತವೆ. ಅವು ವಾಪಸ್ ಬರುವಾಗ ಹೊರ ಫುಟ್ ಚರ್ಮವನ್ನು ಒತ್ತಿ ಹಿಡಿದುಕೊಳ್ಳುತ್ತದೆ. ಸೂಜಿಯೇ ಮೊಳೆ ಹೊಡೆದ ಹಾಗೆ ಎರಡೂ ಪದರಗಳನ್ನು ಹಿಡಿದು ನಡೆಸುವುದರಿಂದ ಒಂದು ಪದರ ಇನ್ನೊಂದರ ಮೇಲೆ ಜಾರುವುದಿಲ್ಲ. ಮೂರೂ ಸೇರಿ ನಡೆಸುವುದಕ್ಕೆ ಕಾಂಪೌಂಡ್ ಫೀಡ್ ಅನ್ನುತ್ತಾರೆ. ಕೊಳ್ಳುವಾಗ ಇದನ್ನು ಕೇಳಿ ಖಚಿತ ಮಾಡಿಕೊಳ್ಳಿ. ವಾಕಿಂಗ್ ಫುಟ್ ಅಂತ ಹೇಳಿ ಮಾರುವ ಕೆಲವು ಮೆಷಿನ್‌ಗಳಲ್ಲಿ ಫುಟ್ ನಡೆಯುತ್ತದೆ, ಸೂಜಿ ನಡೆಯುವುದಿಲ್ಲ. ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿದರೆ ಸಾಕು, ಸೂಜಿ ಹಿಂದೆ ಮುಂದೆ ಹೋಗುತ್ತದೋ ಇಲ್ಲವೋ ತಿಳಿಯುತ್ತದೆ.

ಈ ಜಾತಿಯಲ್ಲಿ ಜೂಕಿ ಡಿಎನ್‌ಯು-1541 ಎಲ್ಲರಿಗೂ ಪರಿಚಯದ್ದು. ನಿಮಿಷಕ್ಕೆ 2500 ಹೊಲಿಗೆ, ಒಂದು ಹೊಲಿಗೆ 9 ಎಂಎಂವರೆಗೆ ಉದ್ದ ಮಾಡಬಹುದು, ಮೊಣಕಾಲಿನಿಂದ ಎತ್ತಿದರೆ ಫುಟ್ 16 ಎಂಎಂ ಏಳುತ್ತದೆ. ಈ 16ರ ಲೆಕ್ಕವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಫುಟ್ ಅಷ್ಟು ಎತ್ತರ ಏಳುತ್ತದೆ ಅಂದರೆ ಅಷ್ಟು ದಪ್ಪ ಹೊಲಿಯುತ್ತದೆ ಅಂತ ಅಲ್ಲ. ಚರ್ಮವನ್ನು ಒಳಗೆ ತೂರಿಸಲು ಅಷ್ಟು ಜಾಗ ಸಿಗುತ್ತದೆ, ಅಷ್ಟೇ. ಹೊಲಿಯುವಾಗ ಫುಟ್ ನಡೆಯುವುದಕ್ಕೂ ಸೂಜಿ ಚರ್ಮ ಬಿಟ್ಟು ಮೇಲೆ ಬರುವುದಕ್ಕೂ ಜಾಗ ಬೇಕಲ್ವಾ? ಮಾರುವವರು ದಪ್ಪದ ಅಳತೆ ಹೇಳಿದರೆ ಯಾವ ಸೂಜಿ, ಯಾವ ನೂಲು ಹಾಕಿ ಅಂತ ಕೇಳಿ.

ಇನ್ನೂ ದೊಡ್ಡದು ಜೂಕಿ ಟಿಎಸ್‌ಸಿ-441 ಮತ್ತು ಅದನ್ನೇ ನೋಡಿ ಮಾಡಿದ ಚೀನಾದ ಮೆಷಿನ್‌ಗಳು. ಕುದುರೆಯ ಜೀನು, ದಪ್ಪ ಪಟ್ಟಿಗಳಿಗೆ ಮಾಡಿದ್ದು. ಅದರಲ್ಲಿ ಎಲ್ಲವನ್ನೂ ಹೊಲಿಯಬಹುದು ಅಂದುಕೊಂಡು ತರುವವರಿದ್ದಾರೆ. ಪರ್ಸಿನ ತೆಳು ಚರ್ಮ ಇಟ್ಟರೆ ಸೂಜಿ ಚರ್ಮವನ್ನೂ ಪ್ಲೇಟಿನ ತೂತಿನೊಳಗೆ ಎಳೆದುಕೊಂಡು ಹೋಗುತ್ತದೆ. ದೊಡ್ಡ ಮೆಷಿನ್ ಸಣ್ಣ ಕೆಲಸ ಮಾಡುವುದಿಲ್ಲ. ಇನ್ನೊಂದು ಕಡೆ, ಚಪ್ಪಲಿ ರಿಪೇರಿಯವರ ಹತ್ತಿರ ಇರುವ ಉದ್ದ ಮೂತಿಯ ಪ್ಯಾಚರ್ ಮೆಷಿನ್. ಸಿಂಗರ್ 29ಕೆ ಆ ಜಾತಿಯ ಹಿರಿಯ. ಅದರ ಫುಟ್ ಸುತ್ತಲೂ ತಿರುಗುತ್ತದೆ, ಬ್ಯಾಗಿನ ಒಳಮೂಲೆಗೂ ಬೂಟಿನ ಒಳಗೂ ಹೋಗುತ್ತದೆ. ರಿಪೇರಿಗೆ ಅದಕ್ಕೆ ಸಾಟಿ ಇಲ್ಲ. ಆದರೆ ಅಡಿಯ ನೂಲು ಸುತ್ತುವ ಬಾಬಿನ್ ತೀರಾ ಸಣ್ಣದು. ಹೊಸ ಬೆಲ್ಟಿಗೆ ಒಂದೇ ಸಮ ಉದ್ದ ಗೆರೆ ಹಾಕಲು ಅದನ್ನು ನಂಬಬೇಡಿ.

ಬೆಡ್, ಅಂದರೆ ಹೊಲಿಯುವಾಗ ಚರ್ಮ ಕೂರುವ ಮೆಷಿನ್‌ನ ತಳ, ಅದರ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬೆಲ್ಟು, ಪಟ್ಟಿ, ಬ್ಯಾಗಿನ ಬಿಡಿ ಭಾಗಗಳಿಗೆ ಚಪ್ಪಟೆ ಬೆಡ್ ಸಾಕು. ಹೊಲಿದು ಆಕಾರ ಬಂದ ಬ್ಯಾಗಿಗೆ ಸುತ್ತ ಅಂಚು ಹೊಲಿಯಲು ಕೊಳವೆಯ ಹಾಗೆ ಚಾಚಿಕೊಂಡ ಸಿಲಿಂಡರ್ ಆರ್ಮ್ ಬೇಕು. ಚಪ್ಪಲಿ, ಬೂಟಿನ ಮೇಲ್ಭಾಗಕ್ಕೆ ಕಂಬದ ಹಾಗೆ ಎದ್ದು ನಿಂತ ಪೋಸ್ಟ್ ಬೆಡ್. ಹೊಸಬರಿಗೆ ಚಪ್ಪಟೆ ಬೆಡ್ ಒಳ್ಳೆಯದು. ಚರ್ಮ ಹರಡಿ ಇಡಲು ಜಾಗ ಇರುತ್ತದೆ, ಕೈ ಬೇಗ ಪಳಗುತ್ತದೆ.

ಇನ್ನು ಮೋಟರ್. ಹಳೆಯ ಮೆಷಿನ್‌ಗಳ ಜೊತೆ ಬರುವ ಕ್ಲಚ್ ಮೋಟರ್ ಸ್ವಿಚ್ ಹಾಕಿದ ಕೂಡಲೇ ತಿರುಗಲು ಶುರು ಮಾಡುತ್ತದೆ, ನೀವು ಹೊಲಿದರೂ ಹೊಲಿಯದಿದ್ದರೂ. ಪೆಡಲ್ ಒತ್ತಿದಾಗ ಆ ತಿರುಗುವ ಬಲ ಮೆಷಿನ್‌ಗೆ ಕೂಡಿಕೊಳ್ಳುತ್ತದೆ. ನಮ್ಮೂರ ಕುಶನ್ ಅಂಗಡಿಗಳಲ್ಲಿ ಬೈಕ್ ಸೀಟು, ಬಸ್ ಸೀಟು ಹೊಲಿಯುವವರು ಪಾದದ ತುದಿಯಲ್ಲಿ ಇಂಥ ಮೋಟರನ್ನು ಇರುವೆ ನಡೆದಷ್ಟು ಮೆಲ್ಲಗೆ ಓಡಿಸುವುದನ್ನು ನೋಡಿದ್ದೇನೆ. ಅದು ವರ್ಷಗಟ್ಟಲೆ ಕೂತು ಬಂದ ವಿದ್ಯೆ. ಹೊಸಬರು ಕಾಲಿಟ್ಟರೆ ಮೆಷಿನ್ ಒಮ್ಮೆಗೇ ಹಾರುತ್ತದೆ.

ಸರ್ವೋ ಮೋಟರ್‌ನಲ್ಲಿ ವೇಗದ ಮಿತಿಯನ್ನು ಗುಂಡಿ ಒತ್ತಿ ಇಳಿಸಿಕೊಳ್ಳಬಹುದು. ಹೊಲಿಯುವಾಗ ಮಾತ್ರ ಓಡುತ್ತದೆ, ಶಬ್ದ ಇಲ್ಲ, ಕರೆಂಟ್ ಉಳಿಯುತ್ತದೆ. ಆದರೆ ಅಗ್ಗದ ಸರ್ವೋಗಳಿಗೆ ಒಂದು ಗುಣ ಇದೆ, ತೀರಾ ನಿಧಾನ ಮಾಡಿದರೆ ಬಲ ಸಾಲುವುದಿಲ್ಲ. ನಾಲ್ಕು ಪದರ ಬಂದ ಕಡೆ ಸೂಜಿ ಅರ್ಧಕ್ಕೆ ನಿಂತು ಮೋಟರ್ ಗುಂಯ್ ಅನ್ನುತ್ತದೆ. ಆಗ ಜನ ಇನ್ನೂ ದೊಡ್ಡ ಮೋಟರ್ ಹುಡುಕುತ್ತಾರೆ. ಅದಕ್ಕಿಂತ ಮೊದಲು ಪುಲ್ಲಿ ನೋಡಿ. ಮೋಟರ್‌ನ ಪುಲ್ಲಿ 75 ಎಂಎಂ ಇದ್ದರೆ 50 ಎಂಎಂ ಹಾಕಿಸಿ, ಬೆಲ್ಟ್ ಅದಕ್ಕೆ ತಕ್ಕ ಹಾಗೆ ಗಿಡ್ಡದ್ದು ತನ್ನಿ. ವೇಗ ಮೂರನೇ ಒಂದು ಭಾಗ ಇಳಿಯುತ್ತದೆ, ಸೂಜಿಗೆ ಸಿಗುವ ಬಲ ಒಂದೂವರೆ ಪಟ್ಟು ಆಗುತ್ತದೆ. ಅದೂ ಸಾಲದಿದ್ದರೆ ಮಧ್ಯದಲ್ಲಿ ಇನ್ನೊಂದು ಜೋಡಿ ಪುಲ್ಲಿ ಕೂರಿಸಿ ಮೂರರಲ್ಲಿ ಒಂದಕ್ಕೆ ಇಳಿಸಬಹುದು. ಲೇತ್ ಕೆಲಸ ಗೊತ್ತಿರುವ ಯಾರಾದರೂ ಮಾಡಿಕೊಡುತ್ತಾರೆ. ನಿಧಾನ ಮತ್ತು ಬಲ ಎರಡೂ ಒಂದೇ ಬದಲಾವಣೆಯಲ್ಲಿ ಸಿಗುತ್ತದೆ ಅನ್ನುವುದು ನನಗೆ ಈಗಲೂ ಖುಷಿ ಕೊಡುವ ವಿಷಯ.

ಮೆಷಿನ್ ಕೆಟ್ಟಿದೆ ಅಂತ ಬರುವ ದೂರುಗಳಲ್ಲಿ ಬಹುಪಾಲು ಸೂಜಿಯದ್ದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಟೈಲರ್ ಮೆಷಿನ್‌ಗೆ ಹಾಕುವ ಡಿಬಿ×1 ಸೂಜಿ ಬೇರೆ, ವಾಕಿಂಗ್ ಫುಟ್‌ಗೆ ಹಾಕುವ ಡಿಪಿ×17 ಬೇರೆ. ಉದ್ದವೇ ಬೇರೆ. ಬೇರೆ ಜಾತಿಯ ಸೂಜಿಯನ್ನು ಹೇಗೋ ಕೂರಿಸಿದರೆ ಅದರ ಕಣ್ಣು, ಅಡಿಯಲ್ಲಿ ನೂಲು ಹಿಡಿಯುವ ಹುಕ್ ಬರುವ ಜಾಗದಲ್ಲಿ ಇರುವುದೇ ಇಲ್ಲ. ಮತ್ತೆ ಡಿಪಿ×17ಕ್ಕೇ 135×17 ಅಂತಲೂ ಹೆಸರು, ಅದು ಬಟ್ಟೆ, ರೆಕ್ಸಿನ್‌ಗೆ ಇರುವ ಉರುಟು ಮೊನೆ. 135×16 ಅಂದರೆ ಅದೇ ಉದ್ದ, ಮೊನೆ ಮಾತ್ರ ಚರ್ಮ ಕತ್ತರಿಸುವ ಹಾಗೆ ಹರಿತ. ಚರ್ಮಕ್ಕೆ ಉರುಟು ಮೊನೆ ಹಾಕಿದರೆ ಅದು ಕತ್ತರಿಸುವುದಿಲ್ಲ, ಒತ್ತಿಕೊಂಡು ನುಗ್ಗುತ್ತದೆ. ಸೂಜಿ ಬಿಸಿಯಾಗುತ್ತದೆ, ಚರ್ಮ ಸೂಜಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ನಡುನಡುವೆ ಹೊಲಿಗೆ ಬೀಳದೆ ಬಿಟ್ಟುಹೋಗುತ್ತದೆ. ಚರ್ಮದ ಮೊನೆಯಲ್ಲೂ ಬೇರೆ ಬೇರೆ ಕೊಯ್ತ ಇದೆ. ಎಲ್‌ಆರ್ ಮೊನೆ ಓರೆಯಾಗಿ ಕೊಯ್ಯುತ್ತದೆ, ಹೊಲಿಗೆ ಸ್ವಲ್ಪ ವಾಲಿ ಚಂದ ಕಾಣುತ್ತದೆ. ಎಸ್ ಮೊನೆ ಗೆರೆಯ ಉದ್ದಕ್ಕೇ ಕೊಯ್ಯುತ್ತದೆ, ಹೊಲಿಗೆ ನೇರ ಬರುತ್ತದೆ, ಆದರೆ ಹೊಲಿಗೆ ಉದ್ದ ಇಡಬೇಕು. ಹತ್ತಿರ ಹತ್ತಿರ ಹಾಕಿದರೆ ಒಂದು ಕೊಯ್ತ ಇನ್ನೊಂದಕ್ಕೆ ಸೇರಿಕೊಂಡು ಚರ್ಮ ಸೀಳುತ್ತದೆ.

ನೂಲಿಗೆ ತಕ್ಕ ಸೂಜಿ ಬೇಕು. 40 ನಂಬರ್ ಬಾಂಡೆಡ್ ನೈಲಾನ್‌ಗೆ ನಾನು 110 ಸೂಜಿ ಹಾಕುತ್ತೇನೆ, 20 ನಂಬರ್‌ಗೆ 140. ನಂಬರ್ ಇಳಿದ ಹಾಗೆ ನೂಲು ದಪ್ಪ ಆಗುತ್ತದೆ ಅಂತ ನೆನಪಿರಲಿ. ಅನುಮಾನ ಬಂದರೆ ಒಂದು ಅಡಿ ನೂಲನ್ನು ಸೂಜಿಯ ಕಣ್ಣಿಗೆ ಹಾಕಿ, ಎರಡೂ ತುದಿ ಹಿಡಿದು ಓರೆ ಮಾಡಿ. ಸೂಜಿ ತನ್ನ ಭಾರಕ್ಕೆ ತಾನೇ ಜಾರಿ ಕೆಳಗೆ ಬರಬೇಕು. ಮಧ್ಯದಲ್ಲಿ ಸಿಕ್ಕಿಕೊಂಡರೆ ಸೂಜಿ ಸಣ್ಣದಾಯಿತು. ಬಿಸಿಲಿಗೆ ಬೀಳುವ ಸಾಮಾನಿಗೆ, ಬೈಕ್ ಬ್ಯಾಗ್ ಅಂಥದ್ದಕ್ಕೆ, ನೈಲಾನ್ ಬದಲು ಪಾಲಿಯೆಸ್ಟರ್ ನೂಲು ಬಳಸಿ. ಬಿಸಿಲು ನೈಲಾನನ್ನು ಬೇಗ ತಿನ್ನುತ್ತದೆ. ಕೈಹೊಲಿಗೆಯ ಮೇಣದ ನೂಲು ಮೆಷಿನ್‌ಗೆ ಬೇಡ, ಮೇಣ, ನೂಲನ್ನು ಬಿಗಿ ಹಿಡಿಯುವ ಟೆನ್ಶನ್ ಡಿಸ್ಕಿನೊಳಗೆ ಕೂತುಬಿಡುತ್ತದೆ.

ಹೊಲಿಗೆ ಬಿಡುವುದು ಯಾಕೆ ಅಂತ ಅರ್ಥ ಆಗಬೇಕಾದರೆ ಒಮ್ಮೆ ಸೂಜಿಯ ಕೆಳಗಿನ ಪ್ಲೇಟ್ ಬಿಚ್ಚಿ ನೋಡಲೇಬೇಕು. ಕರೆಂಟ್ ತೆಗೆದು, ಟಾರ್ಚ್ ಹಿಡಿದು, ಚಕ್ರವನ್ನು ಕೈಯಲ್ಲಿ ಮೆಲ್ಲಗೆ ನಿಮ್ಮ ಕಡೆಗೆ ತಿರುಗಿಸಿ. ಸೂಜಿ ತೀರಾ ಕೆಳಗಿನವರೆಗೆ ಹೋಗುತ್ತದೆ. ಅಲ್ಲಿಂದ ಎರಡು ಎಂಎಂ ಅಷ್ಟು ಮೇಲೆ ಏಳುವಾಗ ಗಮನಿಸಿ. ಚರ್ಮ ನೂಲನ್ನು ಹಿಡಿದುಕೊಂಡಿರುವುದರಿಂದ ನೂಲು ಸೂಜಿಯ ಜೊತೆ ಮೇಲೆ ಹೋಗಲಾಗದೆ ಸೂಜಿಯ ಬೆನ್ನಿನ ತಗ್ಗಿನಲ್ಲಿ ಸಣ್ಣದಾಗಿ ಉಬ್ಬುತ್ತದೆ. ಅಕ್ಕಿ ಕಾಳಿನಷ್ಟೂ ಇಲ್ಲದ ಆ ಕುಣಿಕೆಯೊಳಗೆ ಅದೇ ಕ್ಷಣಕ್ಕೆ ಹುಕ್ಕಿನ ತುದಿ ನುಗ್ಗುತ್ತದೆ. ಸೂಜಿ ಕಣ್ಣಿನ ಸ್ವಲ್ಪ ಮೇಲೆ, ಸೂಜಿಗೆ ತಾಗದ ಹಾಗೆ, ಕಾಗದದ ದಪ್ಪದ ಅಂತರದಲ್ಲಿ. ಕುಣಿಕೆ ಹಿಡಿದು ಬಾಬಿನ್ ಸುತ್ತ ಎಳೆದುಕೊಂಡು ಹೋಗುತ್ತದೆ. ಒಂದು ಹೊಲಿಗೆ ಆಯಿತು.

ಇಷ್ಟು ಕಣ್ಣಾರೆ ಕಂಡವರಿಗೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಫುಟ್‌ನ ಒತ್ತಡ ಕಮ್ಮಿ ಇದ್ದರೆ ಸೂಜಿ ಏಳುವಾಗ ಚರ್ಮವೂ ಜೊತೆಗೆ ಏಳುತ್ತದೆ, ನೂಲು ಉಬ್ಬುವುದಿಲ್ಲ, ಹುಕ್ಕಿಗೆ ಸಿಗಲು ಏನೂ ಇಲ್ಲ. ಸೂಜಿ ಸ್ವಲ್ಪ ತಿರುಗಿ ಕೂತಿದ್ದರೆ ಕುಣಿಕೆ ಬೇರೆ ಕಡೆಗೆ ಮುಖ ಮಾಡುತ್ತದೆ. 140 ತೆಗೆದು 110 ಹಾಕಿದರೆ ಸೂಜಿ ತೆಳ್ಳಗಾಗಿ ಹುಕ್ಕಿನ ಅಂತರ ಜಾಸ್ತಿ ಆಗುತ್ತದೆ. ಸಣ್ಣದು ತೆಗೆದು ದಪ್ಪದ್ದು ಹಾಕಿದರೆ ಹುಕ್ಕಿನ ತುದಿ ಸೂಜಿಗೆ ಉಜ್ಜಿ ಮೊಂಡಾಗುತ್ತದೆ. ಪದರ ಅಂಟಿಸಲು ಹಾಕಿದ ಸೊಲ್ಯೂಶನ್ ಒಣಗದೆ ಹೊಲಿದರೆ ಅದು ಸೂಜಿಗೆ ಮೆತ್ತಿ ನೂಲಿನ ದಾರಿ ಕಟ್ಟುತ್ತದೆ. ಗೆಜ್ಜೆಪಟ್ಟಿ ಹೊಲಿಯುವಾಗ ಇದು ತುಂಬ ಸಲ ಆಗುತ್ತದೆ, ಮಳೆಗಾಲದಲ್ಲಿ ಸೊಲ್ಯೂಶನ್ ಒಣಗುವುದೇ ನಿಧಾನ. ಥಿನ್ನರ್ ಹಾಕಿದ ಬಟ್ಟೆಯಲ್ಲಿ ಸೂಜಿ ಒರೆಸಿದರೆ ಸಾಕು.

ಅಡಿಯಲ್ಲಿ ನೂಲು ಗಂಟುಗಂಟಾಗಿ ಗೂಡು ಕಟ್ಟಿದರೆ ಎಲ್ಲರೂ ಬಾಬಿನ್ ಕೇಸ್ ಬಿಚ್ಚಲು ಹೋಗುತ್ತಾರೆ. ಕಾರಣ ಇರುವುದು ಮೇಲೆ. ಮೇಲಿನ ನೂಲು ಟೆನ್ಶನ್ ಡಿಸ್ಕಿನ ನಡುವೆ ಸರಿಯಾಗಿ ಕೂತಿರುವುದಿಲ್ಲ. ಇಲ್ಲವೇ ಹೊಲಿಗೆ ಶುರು ಮಾಡುವಾಗ ನೂಲಿನ ತುದಿಗಳನ್ನು ಕೈಯಲ್ಲಿ ಹಿಡಿದಿರುವುದಿಲ್ಲ. ನೂಲು ಪದೇ ಪದೇ ಕಡಿದರೆ ಹುಕ್ಕಿನ ತುದಿ ಮತ್ತು ಪ್ಲೇಟಿನ ತೂತಿನ ಸುತ್ತ ಉಗುರಿನಿಂದ ಸವರಿ. ಸೂಜಿ ತಾಗಿ ಎದ್ದ ಸಣ್ಣ ಮುಳ್ಳು ಇರುತ್ತದೆ. ತೀರಾ ನಯವಾದ ಎಮರಿ ಕಾಗದದಲ್ಲಿ ಉಜ್ಜಿ ತೆಗೆಯಬೇಕು. ನನ್ನ ಕ್ರಮ ಯಾವಾಗಲೂ ಹೀಗೆ: ಹೊಸ ಸೂಜಿ, ಮತ್ತೆ ಮೊದಲಿನಿಂದ ನೂಲು ಹಾಕುವುದು, ಆಮೇಲೆ ಫುಟ್ ಒತ್ತಡ. ಹುಕ್ಕಿನ ಟೈಮಿಂಗ್, ಅಂದರೆ ಸೂಜಿಗೂ ಹುಕ್ಕಿಗೂ ಇರುವ ಹೊಂದಾಣಿಕೆ, ಅದರ ಸ್ಕ್ರೂ ಮುಟ್ಟುವುದು ಕಟ್ಟಕಡೆಗೆ. ಅದು ಸರಿಯಾಗಿಯೇ ಇದ್ದು ಸೂಜಿ ಬಾಗಿದ್ದರೆ, ಸ್ಕ್ರೂ ಸಡಿಲಿಸಿದ ಮೇಲೆ ತಾಪತ್ರಯ ಎರಡಾಗುತ್ತದೆ.

ಮಂಗಳೂರಿನ ಬೈಕಂಪಾಡಿ ಕಡೆಯಿಂದ ಒಬ್ಬ ಹುಡುಗ ಒಂದು ರಾತ್ರಿ ಫೋನ್ ಮಾಡಿದ್ದ. ಬೆಳಿಗ್ಗೆ ಬ್ಯಾಗುಗಳನ್ನು ಕೊಡಬೇಕಿತ್ತು.

“ಅಣ್ಣ, ಸೂಜಿ ಹೋಗ್ತದೆ ಬರ್ತದೆ, ಹೊಲಿಗೆ ಮಾತ್ರ ಬೀಳುದೇ ಇಲ್ಲ. ಟೈಮಿಂಗ್ ಹೋಯ್ತಾ ಅಂತ.”

“ಅದಕ್ಕೆ ಮೊದಲು ಎಂತ ಆಯ್ತು ಮಾರಾಯ?”

“ದಪ್ಪ ಜಾಗದಲ್ಲಿ ನೂಲು ಸಿಕ್ಕಿ ಒಮ್ಮೆ ಜಾಮ್ ಆಗಿತ್ತು. ಟಕ್ ಅಂತ ಶಬ್ದ ಬಂತು.”

ಮೆಷಿನ್ 1541ಎಸ್. ಅದರಲ್ಲಿ ಸೇಫ್ಟಿ ಕ್ಲಚ್ ಉಂಟು. ಹುಕ್ಕಿನಲ್ಲಿ ನೂಲು ಸಿಕ್ಕಿ ಬಿಗಿಯಾದರೆ ಹುಕ್ಕಿಗೆ ಹೋಗುವ ಬಲವನ್ನು ಅದು ತಾನೇ ಬಿಡಿಸಿಕೊಳ್ಳುತ್ತದೆ. ಟೈಮಿಂಗ್ ಕೆಡದೆ ಇರಲಿ ಅಂತಲೇ ಮಾಡಿದ ಏರ್ಪಾಡು. ಸೂಜಿ ಓಡುತ್ತದೆ, ಹುಕ್ ನಿಂತಿರುತ್ತದೆ. ಸಿಕ್ಕಿದ ನೂಲು ಕತ್ತರಿಸಿ ತೆಗಿ, ಬೆಡ್ ಮೇಲಿರುವ ಗುಂಡಿ ಒತ್ತಿ ಹಿಡಿದುಕೊಂಡು ಚಕ್ರವನ್ನು ಗಟ್ಟಿಯಾಗಿ ಹಿಂದಕ್ಕೆ ತಿರುಗಿಸು ಅಂದೆ. ಟಕ್ ಅನ್ನುವ ಶಬ್ದ ಫೋನಿನಲ್ಲೇ ಕೇಳಿಸಿತು. ಅವನ ದನಿಯೇ ಬದಲಾಯಿತು. ಈ ಒಂದು ಮಾತು ಗೊತ್ತಿಲ್ಲದೆ ಎಷ್ಟು ಜನ ಮೆಕ್ಯಾನಿಕ್‌ಗಾಗಿ ದಿನಗಟ್ಟಲೆ ಕಾದಿರಬಹುದು ಅಂತ ಯೋಚಿಸಿದರೆ ಬೇಸರ ಆಗುತ್ತದೆ. ಮೆಷಿನ್ ಮಾರುವವರು ಇದನ್ನು ಮೊದಲ ದಿನವೇ ತೋರಿಸಿ ಕೊಡಬೇಕು.

ಕರಾವಳಿಯ ತಾಪತ್ರಯ ಬೇರೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿಯೇ ಒದ್ದೆ. ಸಮುದ್ರದ ಉಪ್ಪು ಅದರ ಜೊತೆ. ಎರಡು ದಿನ ಮುಟ್ಟದೆ ಬಿಟ್ಟರೆ ಪ್ಲೇಟಿನ ಮೇಲೆ ಕೆಂಪು ಚುಕ್ಕೆ ಬರುತ್ತದೆ. ಬೇರೆ ಕೆಲಸದವರಿಗೆ ತುಕ್ಕು ಅಂದರೆ ಮೆಷಿನ್ ಹಾಳು ಅಷ್ಟೇ, ನಮಗೆ ಮಾಲೂ ಹಾಳು. ಅಳಲೆಕಾಯಿ, ತಂಗಡಿ ತೊಗಟೆಯಲ್ಲಿ ಹದ ಮಾಡಿದ ಚರ್ಮಕ್ಕೆ ಪಸೆ ಇರುವಾಗ ಕಬ್ಬಿಣದ ತುಕ್ಕು ತಾಗಿದರೆ ಕಡು ಕಪ್ಪು ಕಲೆ ಏಳುತ್ತದೆ. ಹಿಂದೆ ಅಳಲೆಕಾಯಿ, ಅನ್ನಭೇದಿ ಸೇರಿಸಿ ಶಾಯಿ ಮಾಡುತ್ತಿದ್ದರಲ್ವಾ, ಅದೇ ಕ್ರಿಯೆ. ಚರ್ಮದ ಮೇಲೆ ಶಾಯಿಯೇ ತಯಾರಾಗುತ್ತದೆ. ಕ್ರೋಮ್‌ನಲ್ಲಿ ಹದ ಮಾಡಿದ್ದಕ್ಕೆ ಈ ಭಯ ಅಷ್ಟಿಲ್ಲ. ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿದ ಮೇಲೆ ಗೆಜ್ಜೆಪಟ್ಟಿ ರಿಪೇರಿಗೆ ಬರುತ್ತದೆ, ಅಂದರೆ ಸರಿಯಾಗಿ ಮಳೆ ಹಿಡಿಯುವ ಹೊತ್ತಿಗೆ. ಹಾಗಾಗಿ ರಾತ್ರಿ ಬೆಡ್ಡು, ಫುಟ್ಟು, ಸೂಜಿಯ ಸರಳಿಗೆ ಬಿಳಿ ಎಣ್ಣೆ ತೆಳ್ಳಗೆ ಸವರಿ ಬಟ್ಟೆ ಮುಚ್ಚುತ್ತೇನೆ. ಬೆಳಿಗ್ಗೆ ಚೆನ್ನಾಗಿ ಒರೆಸಿ, ಚೂರು ಚರ್ಮದ ಮೇಲೆ ನೂಲಿಲ್ಲದೆ ಓಡಿಸಿ, ಎಣ್ಣೆಯ ಗುರುತು ನಿಂತ ಮೇಲೆಯೇ ಗಿರಾಕಿಯ ಚರ್ಮ ಇಡುವುದು.

ಏಪ್ರಿಲ್, ಮೇ ತಿಂಗಳ ಸಂಜೆ ಸಿಡಿಲು ಶುರುವಾದರೆ ಸರ್ವೋ ಮೋಟರ್‌ನ ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಒಳಗಿನ ಬೋರ್ಡ್ ಸುಟ್ಟರೆ ಇಡೀ ಕಂಟ್ರೋಲ್ ಬಾಕ್ಸ್ ಬದಲಾಯಿಸಬೇಕಾಗಿ ಬರಬಹುದು.

ಹಳೆಯ ಮೆಷಿನ್ ಕೊಳ್ಳುವುದಕ್ಕೆ ನಾನು ಬೇಡ ಅನ್ನುವುದಿಲ್ಲ. ಒಳ್ಳೆಯ ಕಬ್ಬಿಣದ ಹಳೆಯ ವಾಕಿಂಗ್ ಫುಟ್, ಅಗ್ಗದ ಹೊಸದಕ್ಕಿಂತ ಎಷ್ಟೋ ಮೇಲು. ಆದರೆ ನೋಡಲು ಹೋಗುವಾಗ ನಿಮ್ಮದೇ ಚರ್ಮ, ನಿಮ್ಮದೇ ನೂಲು, ಹೊಸ ಸೂಜಿ ತಗೊಂಡು ಹೋಗಿ. ಅಂಗಡಿಯವರು ಹೊಲಿದು ತೋರಿಸುವ ಮೆತ್ತಗಿನ ರೆಕ್ಸಿನ್ ತುಂಡಿನಿಂದ ಏನೂ ತಿಳಿಯುವುದಿಲ್ಲ. ನಿಮ್ಮ ಪಟ್ಟಿಯ ಎರಡು ಪದರ ಇರುವ ಕಡೆಯಿಂದ ನಾಲ್ಕು ಪದರ ಇರುವ ಕಡೆಗೆ ಹತ್ತಿಸಿ, ಮತ್ತೆ ಇಳಿಸಿ, ಅದನ್ನೂ ಆದಷ್ಟು ನಿಧಾನವಾಗಿ. ಹತ್ತುವಾಗ ಹೊಲಿಗೆ ಗಿಡ್ಡ ಆಗುತ್ತದಾ ನೋಡಿ. ಸೂಜಿಯ ಸರಳನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, ಆಟ ಇದ್ದರೆ ಗೊತ್ತಾಗುತ್ತದೆ. ಮೆಷಿನ್ ಮಗುಚಿ ಕೆಳಗೆ ತುಕ್ಕು ನೋಡಿ. ಬಾಬಿನ್, ಫುಟ್, ಸೂಜಿ ಮಾರ್ಕೆಟ್ಟಿನಲ್ಲಿ ಸಿಗುವ ಜಾತಿಯದ್ದಾ ಅಂತ ವಿಚಾರಿಸಿ.

ರೇಟಿನ ಮಾತಾಡುವಾಗ ಟೇಬಲ್, ಸ್ಟ್ಯಾಂಡ್, ಮೋಟರ್ ಸೇರಿದೆಯಾ, ಸಾಗಾಟ ಯಾರ ಲೆಕ್ಕ ಅಂತ ಮೊದಲೇ ಕೇಳಿಕೊಳ್ಳಿ. ಬೆಂಗಳೂರಿನಿಂದ ತರಿಸುವುದಾದರೆ ಹೆಡ್ಡನ್ನು, ಅಂದರೆ ಹೊಲಿಯುವ ಮೆಷಿನ್ ಭಾಗವನ್ನು, ಟೇಬಲ್‌ನಿಂದ ಬಿಚ್ಚಿ ಬೇರೆಯೇ ಪ್ಯಾಕ್ ಮಾಡಿಸಿ. ಟೇಬಲ್ ಮೇಲೆ ಕೂರಿಸಿದ ಹಾಗೆಯೇ ಲಾರಿಗೆ ಹಾಕಿದರೆ ಶಿರಾಡಿ ಘಾಟಿ ಇಳಿಯುವ ಹೊತ್ತಿಗೆ ಹಿಂಜಸ್ ಕಿತ್ತು ಬಂದಿರುತ್ತದೆ.